ನೆಟ್ಟಗಿರುವ ಮರಿಗಳನ್ನು ಬಕೆಟ್‌ಗೆ ಹಾಕುವ ಕೆಲಸ

ಹೆಸರಘಟ್ಟದ ಕಡೆ ಒಂದು ಬಣ್ಣದ ಮೀನಿನ ಫಾರಂನಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಓನರ್ ನನ್ನ ಕೈಗೆ ಒಂದು ಬಿಳಿ ಬೇಸಿನ್, ಒಂದು ಚಮಚ ಕೊಟ್ಟು ಟಬ್ ಮುಂದೆ ಕೂರಿಸಿದರು. ಬಬಲ್ ಐ ಗೋಲ್ಡ್‌ಫಿಶ್ ಮರಿಗಳು, ಇಪ್ಪತ್ತು ದಿನದವು, ಇನ್ನೂ ಬಣ್ಣ ಬಂದಿರಲಿಲ್ಲ, ಎಲ್ಲಾ ಕಂದು. "ಒಂಟಿ ಬಾಲದ್ದು, ಬೆನ್ನ ಮೇಲೆ ರೆಕ್ಕೆ ಇರೋದು, ಎಲ್ಲಾ ಬಕೆಟ್‌ಗೆ ಹಾಕಪ್ಪ. ಬೆನ್ನಲ್ಲಿ ಒಂದು ಮುಳ್ಳು ಕಂಡರೂ ಬೇಡ" ಅಂದರು.

ಸಂಜೆವರೆಗೂ ಅದನ್ನೇ ಮಾಡಿದೆ. ನಮ್ಮ ಕಡೆ ಇದಕ್ಕೆ ಗ್ರೇಡಿಂಗ್ ಅಂತಾರೆ. ಮಧ್ಯಾಹ್ನದ ಹೊತ್ತಿಗೆ ನನಗೆ ಒಂದು ವಿಷಯ ಗೊತ್ತಾಗಿತ್ತು: ಚಮಚಕ್ಕೆ ಸಿಗದೆ ಓಡುವುದೆಲ್ಲ ಬಕೆಟ್‌ಗೆ ಹೋಗಬೇಕಾದ ಮರಿ, ಸುಲಭಕ್ಕೆ ಸಿಗುವುದು ಇಟ್ಟುಕೊಳ್ಳುವ ಮರಿ. ಬೆನ್ನಿನ ರೆಕ್ಕೆ ಇದ್ದರೆ ಮೀನು ನೀರಲ್ಲಿ ಹೊರಳದೆ ನೆಟ್ಟಗೆ ನಿಲ್ಲುತ್ತದೆ, ಒಂಟಿ ಬಾಲ ಇದ್ದರೆ ಜೋರಾಗಿ ಈಜುತ್ತದೆ. ಅಂದರೆ ಸರಿಯಾಗಿ ಹುಟ್ಟಿದ್ದನ್ನೆಲ್ಲ ಆರಿಸಿ ಬಿಸಾಡುವ ಕೆಲಸಕ್ಕೆ ನನಗೆ ಸಂಬಳ. ಬಕೆಟ್ ಮರುದಿನ ಅರೋವಾನಾ ಅನ್ನುವ ದೊಡ್ಡ ಮೀನು ಸಾಕುವ ಒಬ್ಬರ ಮನೆಗೆ ಹೋಯಿತು, ಅವರ ಮೀನಿಗೆ ತಿಂಡಿ.

ಆಗ ನನಗೆ ಬೇಜಾರು ಏನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊಸ ಕೆಲಸ ಬೇಗ ಕಲಿತೆ ಅಂತ ಖುಷಿಯೇ ಇತ್ತು.

ಬಬಲ್ ಐ ನೋಡಿಲ್ಲದವರಿಗೆ ಹೇಳುತ್ತೇನೆ. ಬೆನ್ನ ಮೇಲೆ ರೆಕ್ಕೆ ಇಲ್ಲ, ಬಾಲ ಜೋಡಿ, ಈ ತಳಿ ಇರಬೇಕಾದದ್ದೇ ಹಾಗೆ. ಕಣ್ಣು ಮೇಲಕ್ಕೆ ತಿರುಗಿರುತ್ತದೆ, ಕಣ್ಣಿನ ಕೆಳಗೆ ಎರಡೂ ಕಡೆ ನೀರು ತುಂಬಿದ ಚೀಲ, ದ್ರಾಕ್ಷಿ ಹಣ್ಣಿನ ಹಾಗೆ. ಮರಿಯಾಗಿದ್ದಾಗ ಈ ಚೀಲ ಇರುವುದಿಲ್ಲ, ಎರಡು ಮೂರು ತಿಂಗಳಾದ ಮೇಲೆ ಊದುತ್ತಾ ಬರುತ್ತದೆ. ಚೀಲ ದೊಡ್ಡದಾದಷ್ಟೂ ರೇಟ್ ಜಾಸ್ತಿ, ಮೀನಿಗೆ ಕಾಣುವುದು ಕಡಿಮೆ. ಪ್ಲಾಸ್ಟಿಕ್ ಗಿಡದ ತುದಿ ತಗುಲಿದರೆ ಒಡೆಯುತ್ತದೆ, ಫಿಲ್ಟರ್ ಬಾಯಿಗೆ ಎಳೆದುಕೊಂಡರೆ ಒಡೆಯುತ್ತದೆ. ಕೆಲವು ಸಲ ಮತ್ತೆ ತುಂಬಿಕೊಳ್ಳುತ್ತದೆ, ಆದರೆ ಎರಡೂ ಒಂದೇ ಸಮ ಬರುವುದಿಲ್ಲ. ಆಮೇಲೆ ಆ ಮೀನು ಸೆಕೆಂಡ್ಸ್, ಅಂದರೆ ಎರಡನೇ ದರ್ಜೆ ಮಾಲು. ಪ್ಯಾಕಿಂಗ್ ದಿನ ನಮಗೆ ಇದೇ ತಲೆನೋವು. ಬೇರೆ ಮೀನನ್ನು ಒಂದು ದಿನ ಉಪವಾಸ ಇಟ್ಟು, ಕವರ್‌ನಲ್ಲಿ ಒಂದು ಪಾಲು ನೀರು ಎರಡು ಪಾಲು ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಬಬಲ್ ಐ ಮಾತ್ರ ಬಲೆಯಲ್ಲಿ ಎತ್ತುವ ಹಾಗಿಲ್ಲ. ಬಟ್ಟಲಲ್ಲಿ ನೀರಿನ ಜೊತೆಗೇ ಮುಳುಗಿಸಿ ಎತ್ತಬೇಕು. ಬಲೆಯಲ್ಲೂ ಎತ್ತಲಾಗದ ಮೀನನ್ನು ನಾವೇ ಯಾಕೆ ಹುಟ್ಟಿಸುತ್ತಿದ್ದೇವೆ ಅಂತ ಅಲ್ಲಿ ಯಾರೂ ಕೇಳಿದ್ದು ನಾನು ಕಾಣೆ. ನಾನೂ ಕೇಳಲಿಲ್ಲ.

ನನಗೆ ಮೊದಲು ಚುಚ್ಚಿದ್ದು ಬಲೂನ್ ಮಾಲಿ, ಹೊಟ್ಟೆ ಉಂಡೆಯಾಗಿರುವ ಒಂದು ಸಣ್ಣ ಮೀನು. ಫಾರಂನವರದ್ದೇ ಒಂದು ಸಣ್ಣ ಅಂಗಡಿ ಇತ್ತು, ಭಾನುವಾರ ನನ್ನನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಒಬ್ಬ ಪುಟ್ಟ ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು, "ಅಂಕಲ್, ಇದರ ಹೊಟ್ಟೆಲಿ ಪಾಪು ಇದೆಯಾ?" ಅಂದಳು. ಅದು ಗಂಡು ಮೀನು. ನಾನು "ಹೂಂ ಪುಟ್ಟಿ" ಅಂದೆ. ಅವಳಪ್ಪ ಎರಡು ಜೋಡಿ ತೆಗೆದುಕೊಂಡು ಹೋದರು.

ಅದೇ ಸಮಯಕ್ಕೆ ಮಂಗಳೂರಿನ ಫಿಶರೀಸ್ ಕಾಲೇಜಿನ ಒಬ್ಬ ಹುಡುಗಿ ಪ್ರಾಜೆಕ್ಟ್ ಅಂತ ಫಾರಂಗೆ ಬಂದಿದ್ದಳು. ಸತ್ತ ಮಾಲಿ ಒಂದನ್ನು ಕೇಳಿ ತೆಗೆದುಕೊಂಡಳು, ಬ್ಲೇಡಲ್ಲಿ ಪಕ್ಕ ಬಿಡಿಸಿ ನನ್ನನ್ನು ಕರೆದು ತೋರಿಸಿದಳು. ಹೊಟ್ಟೆ ದಪ್ಪ ಆಗಿದ್ದಲ್ಲ ಅದು. ಬೆನ್ನುಮೂಳೆ ಗಿಡ್ಡವಾಗಿ ಬಾಗಿದೆ. ಒಳಗಿನ ಕರುಳು, ಗಾಳಿಚೀಲ ಎಲ್ಲಕ್ಕೂ ಜಾಗ ಇಲ್ಲದೆ ಕೆಳಗೆ ನೂಕಿಕೊಂಡಿವೆ, ಅದಕ್ಕೇ ಬಲೂನ್. "ಅಣ್ಣ, ಇದು ಗೂನು. ಮನುಷ್ಯರಿಗಾಗಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ವಿ" ಅಂದಳು, ಅಷ್ಟೇ, ಬೈಯಲೂ ಇಲ್ಲ. ನನಗೆ ಆ ಪುಟ್ಟ ಹುಡುಗಿ ನೆನಪಾದಳು.

ಆಮೇಲೆ ನಾನು ಮೀನು ನೋಡುವ ರೀತಿ ಸ್ವಲ್ಪ ಬದಲಾಯಿತು. ತಿಂಡಿ ಹಾಕುವಾಗ ಸುಮ್ನೆ ಹಾಕಿ ಮುಂದೆ ಹೋಗುತ್ತಿದ್ದವನು ನಿಂತು ನೋಡಲು ಶುರು ಮಾಡಿದೆ. ಇದು ನನ್ನದೇ ಪರೀಕ್ಷೆ, ಯಾವ ಕಾಲೇಜಿನದ್ದೂ ಅಲ್ಲ. ಟ್ಯಾಂಕಿನ ಒಂದು ಮೂಲೆಗೆ ತಿಂಡಿ ಹಾಕಬೇಕು, ಯಾರು ಕೊನೆಗೆ ಬರುತ್ತಾರೆ ನೋಡಬೇಕು. ಕಾಮೆಟ್ ಗೋಲ್ಡ್‌ಫಿಶ್ ಬಾಣದ ಹಾಗೆ ಬರುತ್ತದೆ. ಅದರ ಕೇಸರಿ ಬಣ್ಣವೂ ಮನುಷ್ಯ ಆರಿಸಿ ಆರಿಸಿ ತಂದದ್ದೇ, ಚೀನಾದಲ್ಲಿ ನೂರಾರು ವರ್ಷದ ಹಿಂದೆ. ಆದರೆ ಬಣ್ಣದಿಂದ ತೊಟ್ಟಿಯಲ್ಲಿರುವ ಮೀನಿಗೆ ಏನೂ ಕಷ್ಟ ಇಲ್ಲ. ಒರಾಂಡಾ ಅನ್ನುವ ಗೋಲ್ಡ್‌ಫಿಶ್ ಸ್ವಲ್ಪ ತಡ, ತಲೆಯ ಮೇಲಿನ ಗುಬುಟು ಕಣ್ಣಿಗೆ ಇಳಿದಿದ್ದರೆ ಇನ್ನೂ ತಡ. ಬಬಲ್ ಐ ವಾಸನೆ ಹಿಡಿದು ತಡಕಾಡಿಕೊಂಡು ಬರುವಷ್ಟರಲ್ಲಿ ತಿಂಡಿ ಖಾಲಿ. ಪ್ಯಾರಟ್ ಮೀನು ಬೇಗ ಬರುತ್ತದೆ ಪಾಪ, ಆದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಗಂಟಲೊಳಗಿನ ಹಲ್ಲಿನಲ್ಲಿ ಅಗಿಯಬೇಕು. ಅರ್ಧ ತಿಂಡಿ ಬಾಯಿಂದ ಹೊರಗೆ.

ಈ ಪ್ಯಾರಟ್ ಕತೆ ಬೇರೆಯೇ ಇದೆ. 1980ರ ದಶಕದಲ್ಲಿ ತೈವಾನ್‌ನಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್ ಅನ್ನುವ ಗುಂಪಿನ ಮೀನುಗಳನ್ನು ಬೆರೆಸಿ ಮಾಡಿದ ಮೀನು, ಗಂಡುಗಳಲ್ಲಿ ಹೆಚ್ಚಿನವಕ್ಕೆ ಸಂತಾನಶಕ್ತಿ ಇಲ್ಲ. ಜೋಡಿ ಮೊಟ್ಟೆ ಇಡುತ್ತದೆ, ಎರಡೂ ಕಾವಲು ಕಾಯುತ್ತವೆ, ಮೊಟ್ಟೆ ಬಿಳಿಯಾಗಿ ಬೂಷ್ಟು ಹಿಡಿಯುತ್ತದೆ. ಗಿರಾಕಿಗಳು ಫೋನ್ ಮಾಡಿ ಕೇಳುತ್ತಾರೆ, "ಮೊಟ್ಟೆ ಯಾಕೆ ಹಾಳಾಯ್ತು, ನೀರು ಸರಿ ಇಲ್ವಾ?" ಅಂತ. ಇನ್ನು ಹಾರ್ಟ್ ಶೇಪ್ ಪ್ಯಾರಟ್ ಅಂತ ಬರುತ್ತದಲ್ಲ, ಅದು ತಳಿಯೂ ಅಲ್ಲ, ಮರಿ ಇದ್ದಾಗಲೇ ಬಾಲ ಕತ್ತರಿಸಿರುತ್ತಾರೆ. ನಮ್ಮ ದೇಶದ್ದೇ, ಮೈ ಗಾಜಿನ ಹಾಗೆ ಪಾರದರ್ಶಕವಾಗಿರುವ ಗಾಜು ಮೀನಿಗೆ ಸೂಜಿಯಲ್ಲಿ ಬಣ್ಣ ಚುಚ್ಚಿ ಮಾರುವುದೂ ಇದೇ ಗುಂಪು. ಅದನ್ನು ಮಾತ್ರ ನಮ್ಮ ಓನರ್ ಮೊದಲಿಂದಲೂ ಅಂಗಡಿಗೆ ಸೇರಿಸಲಿಲ್ಲ. "ಅದು ಪಾಪದ ಕೆಲಸ" ಅನ್ನುತ್ತಿದ್ದರು. ಸೂಜಿ ಚುಚ್ಚಿದರೆ ಪಾಪ, ಗೂನು ಬೆನ್ನು ಆರಿಸಿ ಬೆಳೆಸಿದರೆ ಕ್ವಾಲಿಟಿ. ನಾನು ಒಂದು ದಿನ ಹೀಗೇ ಅಂದುಬಿಟ್ಟೆ, ಎರಡು ದಿನ ಮಾತಾಡಲಿಲ್ಲ ಅವರು.

ಅವರದ್ದೂ ಒಂದು ವಾದ ಇತ್ತು. ಕಾನೂನಿನಲ್ಲಿ ಎಲ್ಲಿದೆ ತೋರಿಸು ಅಂತ. ನಾನು ಹುಡುಕಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಜೀವ ಇರುವ ಎಲ್ಲವೂ, ಹಾಗಾಗಿ ಮೀನೂ ಸೇರುತ್ತದೆ. ಆದರೆ ಎಂಥ ತಳಿ ಬೆಳೆಸಬಾರದು ಅನ್ನುವ ಮಾತು ಅದರಲ್ಲಿ ಇಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಅಂತಲೇ ನಿಯಮ ತಂದಿತ್ತು, ಮೀನನ್ನು ದುಂಡು ಬೌಲ್‌ನಲ್ಲಿ ಇಡಬಾರದು ಅಂತೆಲ್ಲ. ವ್ಯಾಪಾರದವರು ಗಲಾಟೆ ಮಾಡಿದರು, ವಾಪಸ್ ಹೋಯಿತು. ಜರ್ಮನಿಯಲ್ಲಾದರೆ ಪ್ರಾಣಿ ರಕ್ಷಣೆ ಕಾನೂನಿನ 11ಬಿ ಸೆಕ್ಷನ್ನಿನಲ್ಲಿ, ಹುಟ್ಟುವ ಮರಿಗೆ ತಳಿಯಿಂದಲೇ ನೋವು ಬರುತ್ತದೆ ಅಂತ ಗೊತ್ತಿದ್ದರೆ ಬೆಳೆಸಬಾರದು ಅಂತ ಇದೆ. "ಸರಿ, ಜರ್ಮನಿಗೆ ಹೋಗಿ ಮೀನು ಮಾರು" ಅಂದರು ಓನರ್. ನಗುತ್ತಲೇ ಅಂದರು, ಆದರೂ ನನಗೆ ಉತ್ತರ ಹೊಳೆಯಲಿಲ್ಲ.

ನಾಲ್ಕು ವರ್ಷದ ಮೇಲೆ ಸ್ವಂತ ಫಾರಂ ಮಾಡಿದೆ, ಆರು ಸಿಮೆಂಟ್ ತೊಟ್ಟಿ, ಸಂಘದ ಸಾಲ. ಆದರ್ಶ ಎಲ್ಲ ಮೊದಲ ಕಂತಿನವರೆಗೆ ಅಷ್ಟೇ. ಮೊದಲ ವರ್ಷ ನಾನೂ ಬಬಲ್ ಐ ಹಾಕಿದೆ, ಬೇರೆ ಯಾವ ಮೀನೂ ಅಷ್ಟು ಬೇಗ ದುಡ್ಡು ಮಾಡಿಕೊಡುವುದಿಲ್ಲ. ಬ್ರೂಡರ್ ಜೋಡಿ, ಅಂದರೆ ಮರಿ ಮಾಡಿಸುವ ಗಂಡು ಹೆಣ್ಣು ಮೀನು ತಂದೆ, ಪ್ಲಾಸ್ಟಿಕ್ ದಾರದ ಗೊಂಚಲು ಕಟ್ಟಿ ಮೊಟ್ಟೆ ಹಿಡಿದೆ, ಮರಿಗೆ ಆರ್ಟೀಮಿಯಾ ಅನ್ನುವ ಸಣ್ಣ ಸಿಗಡಿಯಂಥ ಜೀವಿ ಹಾಕಿ ಬೆಳೆಸಿದೆ. ಇಪ್ಪತ್ತನೇ ದಿನ ಬಿಳಿ ಬೇಸಿನ್ ಹಿಡಿದು ಕೂತಾಗ ಪಕ್ಕದಲ್ಲಿ ನನ್ನ ತಂಗಿಯ ಮಗ ಇದ್ದ, ರಜೆಗೆ ಬಂದಿದ್ದ. ಅವನಿಗೆ ಕೆಲಸ ಹೇಳಿಕೊಡಬೇಕಿತ್ತು. "ಚೆನ್ನಾಗಿ ಈಜೋದನ್ನ ಬಕೆಟ್‌ಗೆ ಹಾಕು" ಅಂತ ನನ್ನ ಬಾಯಲ್ಲೇ ಬಂತು. ಅವನು "ಯಾಕ್ ಮಾವ?" ಅಂದ.

ಏನು ಹೇಳುವುದು. ಅವತ್ತು ಬೇಸಿನ್ ಎತ್ತಿಟ್ಟು ಟೀ ಕುಡಿಯಲು ಹೋದೆವು.

ಆ ಬ್ಯಾಚ್‌ನಲ್ಲಿ ಯಾವುದನ್ನೂ ಬಕೆಟ್‌ಗೆ ಹಾಕಲಿಲ್ಲ, ಎಲ್ಲಾ ಹಾಗೇ ಬೆಳೆಸಿದೆ. ಅದೂ ತಪ್ಪೇ ಆಯಿತು. ಒಂದೇ ತೊಟ್ಟಿಯಲ್ಲಿ ಒಂಟಿ ಬಾಲದವು ತಿಂಡಿಯೆಲ್ಲ ತಿಂದು ಬೆಳೆದವು, ಚೀಲದವು ಸೊರಗಿ ಅರ್ಧ ಸತ್ತವು. ಬೇರೆ ಬೇರೆ ಮಾಡಬೇಕು ಅಂತ ಗೊತ್ತಿದ್ದೂ ಮಾಡಲಿಲ್ಲ, ದಯೆ ತೋರಿಸುವ ಗಡಿಬಿಡಿಯಲ್ಲಿ ಕೆಲಸವನ್ನೇ ಮರೆತಿದ್ದೆ. ಉಳಿದ ಒಂಟಿ ಬಾಲದವನ್ನು ತಾವರೆ ಕೊಳ ಮಾಡಿಸಿದ್ದ ಒಬ್ಬ ತೋಟದವರು ಒಟ್ಟಿಗೆ ತೆಗೆದುಕೊಂಡರು. ಒಂದಕ್ಕೆ ಹನ್ನೆರಡು ರೂಪಾಯಿ. ಬಬಲ್ ಐ ಆಗಿದ್ದರೆ ಅದರ ಐದಾರು ಪಟ್ಟು ಸಿಗುತ್ತಿತ್ತು.

ಈಗ ಬಬಲ್ ಐ, ಬಲೂನ್ ಮಾಲಿ, ಪ್ಯಾರಟ್ ಮೂರೂ ನನ್ನ ಹತ್ತಿರ ಇಲ್ಲ. ಒರಾಂಡಾ ಇದೆ, ಅದನ್ನೂ ಬಿಡಿ ಅನ್ನುವವರು ಇದ್ದಾರೆ. ಸಾಲ ಇನ್ನೂ ಇದೆ, ಬಿಟ್ಟಿಲ್ಲ. ಗುಬುಟು ಕಣ್ಣು ಮುಚ್ಚುವಂಥದ್ದನ್ನು ಬ್ರೂಡರ್ ಮಾಡುವುದಿಲ್ಲ, ಅಷ್ಟು ಮಾಡಿದ್ದೇನೆ. ಮೈ ಉಂಡೆಯಾದಷ್ಟೂ ಗಾಳಿಚೀಲ ಒತ್ತಿಕೊಂಡು ಮೀನು ತಲೆಕೆಳಗಾಗುತ್ತದೆ, ಆಮೇಲೆ ಗಿರಾಕಿಗಳು ಸಿಪ್ಪೆ ತೆಗೆದ ಬಟಾಣಿ ಬೇಯಿಸಿ ತಿನ್ನಿಸುತ್ತಾ ಕೂರಬೇಕು. ಹಾಗಾಗಿ ಸ್ವಲ್ಪ ಉದ್ದ ಮೈಯಿನದ್ದನ್ನೇ ಆರಿಸುತ್ತೇನೆ. ಹೋಲ್‌ಸೇಲ್‌ನವರು ಅದಕ್ಕೆ ರೇಟ್ ಕಡಿಮೆ ಹಾಕುತ್ತಾರೆ.

ಚೆನ್ನೈನ ಕೊಳತ್ತೂರು ಮಾರ್ಕೆಟ್‌ನಿಂದ ಒಬ್ಬರು ಪ್ರತಿ ಮಂಗಳವಾರ ಫೋನ್ ಮಾಡುತ್ತಾರೆ, "ಬಬಲ್ ಐ ಬಂತಾ ಸಾರ್?" ಅಂತ. ಇಲ್ಲ ಅಂದರೆ, "ಯಾವಾಗ ಬರುತ್ತೆ?" ಅಂತಾರೆ. ಹಾಕುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ, ಅವರು ಮುಂದಿನ ಮಂಗಳವಾರ ಮತ್ತೆ ಕೇಳುತ್ತಾರೆ. ಹಳೇ ಬ್ರೂಡರ್ ಜೋಡಿ ಮಾತ್ರ ಮೋಟರ್ ಶೆಡ್ ಪಕ್ಕದ ಟಬ್‌ನಲ್ಲಿದೆ, ಗಿಡ ಇಲ್ಲ, ಕಲ್ಲು ಇಲ್ಲ, ಬರೀ ಒಂದು ಸ್ಪಾಂಜ್ ಫಿಲ್ಟರ್. ತಿಂಡಿಯನ್ನು ಮೂತಿ ಹತ್ತಿರವೇ ಹಿಡಿಯಬೇಕು, ಹತ್ತು ನಿಮಿಷ ಬೇಕು ಅದಕ್ಕೆ.