ಮೀನಿನ ರೆಟಿನಾ ಮಾದರಿ: ಅಡಿಕೆ ಕೊನೆಗೂ ಮೇಲೆ ಹತ್ತಿತು

ಕಳೆದ ವಾರ ಮೂರು ದಿನ ಬಿಸಿಲು ಬಂತು. ಅಷ್ಟು ಸಾಕಾಯಿತು, ಅಂಟು ಒಣಗಿತು. ಜುಲೈನಿಂದ ಅರ್ಧಕ್ಕೆ ನಿಂತಿದ್ದ ಮಾದರಿ ಈಗ ನಡುಮನೆಯ ಗೋಡೆಗೆ ಒರಗಿ ನಿಂತಿದೆ. ನಾಲ್ಕಡಿ ಎತ್ತರ. ನಿಜವಾದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಅರ್ಧ ಮಿಲಿಮೀಟರ್‌ಗಿಂತಲೂ ತೆಳು!

ಇದು ಸೋಮವಾರಪೇಟೆ ಹತ್ತಿರದ ನಮ್ಮೂರಿನ ಶಾಲೆಗೆ. ಆದರೆ ಶುರುವಾದದ್ದು ಅಮ್ಮನ ಬಲಗಣ್ಣಿನಿಂದ. ಸಕ್ಕರೆ ಕಾಯಿಲೆಯಿಂದ ಅವಳ ರೆಟಿನಾ ಹಾಳಾಗಿದೆ. "ಹೋದದ್ದು ಬರಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ" ಎಂದರು ಡಾಕ್ಟರ್. ಯಾಕೆ ಬರಲ್ಲ ಅಂತ ಓದುತ್ತಾ ಹೋದಾಗ ಜೀಬ್ರಾ ಮೀನು ಸಿಕ್ಕಿತು. ಅಕ್ವೇರಿಯಂ ಅಂಗಡಿಯಲ್ಲಿ ಕಾಣುವ ನೀಲಿ ಪಟ್ಟೆಯ ಪುಟ್ಟ ಮೀನು. ನಮ್ಮ ದೇಶದ್ದೇ. ಅದರ ರೆಟಿನಾಗೆ ಪೆಟ್ಟಾದರೆ ಸತ್ತ ನರಕೋಶಗಳ ಜಾಗಕ್ಕೆ ಹೊಸವು ಬರುತ್ತವೆ. ದೃಷ್ಟಿಯೂ ವಾಪಸ್ ಬರುತ್ತದೆ. ಇದನ್ನು ಮಕ್ಕಳು ಕೈಯಿಂದ ಎಳೆದು ನೋಡುವ ಹಾಗೆ ಮಾಡಬೇಕು ಅನ್ನಿಸಿತು.

ಮೊದಲು ರಟ್ಟಿನಲ್ಲಿ ಮಾಡಿದ್ದೆ. ನಮ್ಮ ಮಳೆಗಾಲದಲ್ಲಿ ರಟ್ಟು ಎಲ್ಲಿ ಉಳಿಯುತ್ತದೆ? ಹದಿನೈದು ದಿನಕ್ಕೆ ಬೂಷ್ಟು ಹಿಡಿಯಿತು. ಈಗಿನದು ಸಿಲ್ವರ್ ಓಕ್ ಹಲಗೆ. ಬೆಳಕು ಹಿಡಿಯುವ ಕೋಶಗಳು ಮೇಲಿನ ಸಾಲಿನಲ್ಲಿವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಡ್ಡಿ ಕೋಶಗಳಿಗೆ ಬಿದಿರಿನ ಸೀಳು, ಬಣ್ಣ ಗುರುತಿಸುವ ಶಂಕು ಕೋಶಗಳಿಗೆ ಪೆನ್ನಿನ ಮುಚ್ಚಳ. ಮುಚ್ಚಳಗಳು ನಾಲ್ಕು ಬಣ್ಣದವು: ಕೆಂಪು, ಹಸಿರು, ನೀಲಿ, ನೇರಳೆ. ನಮಗೆ ಮೂರೇ ಬಗೆಯ ಶಂಕು ಕೋಶ. ಈ ಮೀನಿಗೆ ನೇರಳಾತೀತ ಬೆಳಕಿಗೂ ಒಂದು ಬಗೆ ಇದೆ. ನಡುವಿನ ಪದರಕ್ಕೆ ಕಾಫಿ ಬೀಜ, ಮೆದುಳಿಗೆ ಸುದ್ದಿ ಕಳಿಸುವ ಕೆಳಗಿನ ಗ್ಯಾಂಗ್ಲಿಯನ್ ಕೋಶಗಳಿಗೆ ಏಲಕ್ಕಿ. ಈ ಭಾಗ ಬೇಗ ಮುಗಿಯಿತು.

ಕಷ್ಟವಾದದ್ದು ಮ್ಯುಲ್ಲರ್ ಕೋಶ. ಇಡೀ ಕಥೆ ಇರುವುದು ಇದರಲ್ಲೇ. 1851ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಹೈನ್ರಿಚ್ ಮ್ಯುಲ್ಲರ್ ಹೆಸರೇ ಇದಕ್ಕಿದೆ. ಇದು ನರಕೋಶ ಅಲ್ಲ, ನರಕೋಶಗಳನ್ನು ನೋಡಿಕೊಳ್ಳುವ ಕೋಶ. ನಾನು ಮೊದಲ ಸಲ ಇದನ್ನೂ ಒಂದು ಬೀಜದಷ್ಟೇ ಮಾಡಿ ಅಂಟಿಸಿದ್ದೆ. ತಪ್ಪು. ಇದರ ಹೊಟ್ಟೆ ನಡುವಿನ ಪದರದಲ್ಲಿರುತ್ತದೆ, ಆದರೆ ತೋಳುಗಳು ರೆಟಿನಾದ ಮೇಲಿನಿಂದ ಕೆಳಗಿನವರೆಗೂ ಚಾಚಿರುತ್ತವೆ. ಅಂಟಿಸಿದ್ದನ್ನೆಲ್ಲ ಕಿತ್ತು ಅದರ ಬದಲು ಉದ್ದಕ್ಕೂ ಸೈಕಲ್ ಕಡ್ಡಿ ಕೂರಿಸಿದೆ.

ಪೆಟ್ಟಾದಾಗ ಸುದ್ದಿ ಹೇಳುವುದು ಸಾಯುತ್ತಿರುವ ಕೋಶಗಳೇ. ಮ್ಯುಲ್ಲರ್ ಕೋಶ ಸತ್ತವನ್ನು ನುಂಗಿ ಜಾಗ ಚೊಕ್ಕ ಮಾಡುತ್ತದೆ. ಆಮೇಲೆ ತನ್ನ ದಿನದ ಕೆಲಸ ಬಿಟ್ಟು ಎಳೆಯ ಕೋಶದ ಹಾಗೆ ಆಗುತ್ತದೆ. ಅದರ ನ್ಯೂಕ್ಲಿಯಸ್ ಮೇಲಿನ ಪದರಕ್ಕೆ ಹತ್ತಿ, ಅಲ್ಲಿ ಒಡೆದು ಎರಡಾಗುತ್ತದೆ. ಒಂದು ಕೆಳಗೆ ಇಳಿದು ಮತ್ತೆ ಮ್ಯುಲ್ಲರ್ ಕೋಶವೇ ಆಗುತ್ತದೆ. ಇನ್ನೊಂದು ಮತ್ತೆ ಮತ್ತೆ ಒಡೆದು ಗೊಂಚಲಾಗುತ್ತದೆ. ಆ ಗೊಂಚಲಿನ ಕೋಶಗಳು ಮ್ಯುಲ್ಲರ್ ತೋಳನ್ನೇ ಹಿಡಿದು ಖಾಲಿ ಜಾಗಕ್ಕೆ ಸೇರಿ, ಬೇಕಾದ ನರಕೋಶಗಳಾಗುತ್ತವೆ.

ಈ ಹತ್ತಿ ಇಳಿಯುವುದನ್ನು ಚಿತ್ರದಲ್ಲಿ ತೋರಿಸಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಅದು ಕಣ್ಣೆದುರೇ ಚಲಿಸಬೇಕು. ಅದಕ್ಕೆ ನ್ಯೂಕ್ಲಿಯಸ್ ಬದಲು ಅಡಿಕೆ ಬಳಸಿದೆ. ಅಮ್ಮನ ಅಡಕತ್ತರಿಯಿಂದ ಒಂದು ಅಡಿಕೆಯನ್ನು ಎರಡು ಹೋಳು ಮಾಡಿ, ಒಳಗೆ ಪುಟ್ಟ ಅಯಸ್ಕಾಂತ ಇಟ್ಟು ಜೋಡಿಸಿದೆ. ಗಾಳದ ದಾರ ಕಟ್ಟಿ, ಹೊಲಿಗೆ ಮಷಿನ್ನಿನ ಬಾಬಿನ್ ಮೇಲೆ ಹಾಯಿಸಿದೆ. ದಾರ ಎಳೆದರೆ ಅಡಿಕೆ ಕಡ್ಡಿಯ ಮೇಲೆ ಜಾರಿ ಹತ್ತಬೇಕು, ಮೇಲೆ ಮೊಳೆಗೆ ತಾಗಿ ಎರಡಾಗಬೇಕು. ಆಗಸ್ಟ್ ಪೂರ್ತಿ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ತೂತು ಚಿಕ್ಕದು ಅಂದುಕೊಂಡು ದೊಡ್ಡದು ಮಾಡುತ್ತಾ ಮೂರು ಅಡಿಕೆ ಹಾಳು ಮಾಡಿದೆ. ನೋಡಿದರೆ ಕಡ್ಡಿಗೆ ತುಕ್ಕು! ಮರಳು ಕಾಗದದಿಂದ ಉಜ್ಜಿ ಕೊಬ್ಬರಿ ಎಣ್ಣೆ ಸವರಿದೆ. ಭಾನುವಾರ ಅಡಿಕೆ ಸರಾಗವಾಗಿ ಹತ್ತಿತು, ಟಕ್ ಎಂದು ಎರಡಾಯಿತು. ಕೆಂಪು ಹೋಳು ಕೆಳಗೆ ಬಂತು, ಬಿಳಿ ಹೋಳು ಮೇಲೇ ನಿಂತಿತು. ಸುಮ್ನೆ ಹತ್ತು ಸಲ ಎಳೆದು ನೋಡಿದೆ.

ನಮ್ಮ ತೋಟದವರಿಗೆ ಇದನ್ನು ಹೇಳುವುದು ಸುಲಭ. ಹಳೆಯ ರೋಬಸ್ಟಾ ಕಾಫಿ ಗಿಡವನ್ನು ಬುಡದ ಹತ್ತಿರ ಕಡಿದರೆ ಮೋಟಿನಿಂದ ಕಂಬಚಿಗುರು ಹೊಡೆಯುತ್ತದೆ. ಹೊಸ ಗಿಡ ನೆಡಬೇಕಿಲ್ಲ. ಮೀನಿನ ಕಣ್ಣಿನಲ್ಲಿ ಆ ಮೋಟು ಮ್ಯುಲ್ಲರ್ ಕೋಶ.

ಅಮ್ಮ ಪಕ್ಕದಲ್ಲಿ ಕೂತು ಕೇಳಿದಳು, "ನನ್ನ ಕಣ್ಣಲ್ಲೂ ಈ ಕೋಶ ಇದೆಯಾ?"

"ಇದೆ ಅಮ್ಮ."

"ಮತ್ಯಾಕೆ ಚಿಗುರಲ್ಲ?"

ಈ ಪ್ರಶ್ನೆಯಿಂದ ಎರಡನೇ ಹಲಗೆ ಶುರುವಾಯಿತು. ನಮ್ಮ ಮ್ಯುಲ್ಲರ್ ಕೋಶಕ್ಕೂ ಪೆಟ್ಟಿನ ಸುದ್ದಿ ಮುಟ್ಟುತ್ತದೆ. ಆದರೆ ಅದು ಊದಿಕೊಂಡು ಗಾಯದ ಕಲೆ ಕಟ್ಟುವ ಕಡೆ ಹೋಗುತ್ತದೆ. ಮೀನಿನಲ್ಲಿ ಲೆಟ್-7 ಎಂಬ ಪುಟ್ಟ ಆರ್‌ಎನ್‌ಎ ಬ್ರೇಕಿನ ಹಾಗೆ ಕೆಲಸ ಮಾಡುತ್ತದೆ. ಪೆಟ್ಟಾದಾಗ ಎಎಸ್‌ಸಿಎಲ್1ಎ ಎಂಬ ಜೀನ್ ಚುರುಕಾಗಿ ಲಿನ್28 ಎಂಬ ಪ್ರೊಟೀನನ್ನು ಎಬ್ಬಿಸುತ್ತದೆ, ಲಿನ್28 ಆ ಬ್ರೇಕನ್ನು ಬಿಡಿಸುತ್ತದೆ. 2010ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇದನ್ನು ತೋರಿಸಿದ ಗುಂಪಿನಲ್ಲಿದ್ದ ರಾಜೇಶ್ ರಾಮಚಂದ್ರನ್ ಆಮೇಲೆ ಪಂಜಾಬಿನ ಮೊಹಾಲಿಯ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಇದೇ ಮೀನಿನ ಕಣ್ಣಿನ ಮೇಲೆ ಕೆಲಸ ಮುಂದುವರಿಸಿದರು. ಇದನ್ನು ಶಾಲೆಯ ಮಕ್ಕಳಿಗೆ ಖಂಡಿತ ಹೇಳುತ್ತೇನೆ.

ಅಮ್ಮನಿಗೆ 2017ರ ಇಲಿ ಪ್ರಯೋಗವನ್ನೂ ಹೇಳಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಾಮ್ ರೇ ಅವರ ಗುಂಪು ಬೆಳೆದ ಇಲಿಯ ಮ್ಯುಲ್ಲರ್ ಕೋಶಗಳಲ್ಲಿ ಎಎಸ್‌ಸಿಎಲ್1 ಜೀನ್ (ಮೀನಿನ ಎಎಸ್‌ಸಿಎಲ್1ಎಯ ಇಲಿ ರೂಪ) ಕೆಲಸ ಮಾಡುವಂತೆ ಮಾಡಿತು. ಜೊತೆಗೆ ಡಿಎನ್‌ಎಯ ಬಿಗಿ ಸುತ್ತನ್ನು ಸಡಿಲಿಸುವ ಒಂದು ಔಷಧಿಯನ್ನೂ ಕೊಟ್ಟಿತು. ಪೆಟ್ಟಾದ ಕಣ್ಣಿನಲ್ಲಿ ಹೊಸ ನರಕೋಶಗಳು ಬಂದವು, ಬೆಳಕಿಗೆ ಸ್ಪಂದಿಸಿದವು. ಅವು ಬೆಳಕು ಹಿಡಿಯುವ ಕೋಶಗಳಲ್ಲ, ನಡುವಿನ ಪದರದವು. ಇದು ಅಮ್ಮನಿಗೆ ನಾಳೆ ಸಿಗುವ ಮದ್ದು ಅಲ್ಲ. ಅದನ್ನೂ ಬಿಡಿಸಿ ಹೇಳಿದೆ. "ಇಲಿಯಲ್ಲಾದರೂ ಆಯ್ತಲ್ಲ" ಎಂದಳು.

ಎರಡನೇ ಹಲಗೆ ನಮ್ಮ ಕಣ್ಣಿನದು. ಅದರಲ್ಲಿ ಕಡ್ಡಿ, ಅಡಿಕೆ ಎಲ್ಲ ಹಾಗೇ ಇರುತ್ತವೆ. ಬಾಬಿನ್‌ಗೆ ಮಾತ್ರ ಒಂದು ಬ್ರೇಕ್ ಇರುತ್ತದೆ, ಎಷ್ಟು ಎಳೆದರೂ ಅಡಿಕೆ ಕದಲಬಾರದು. ಮಕ್ಕಳು ಒಂದು ಗುಂಡಿ ಒತ್ತಿ ಎಳೆದರೆ, ಇಲಿ ಪ್ರಯೋಗದ ಹಾಗೆ, ಅರ್ಧದವರೆಗೆ ಮಾತ್ರ ಹತ್ತಬೇಕು. ಟಾರ್ಚಿನ ಸ್ಪ್ರಿಂಗ್ ಹಾಕಿ ನೋಡಿದೆ, ಹಿಡಿತ ಸಾಲದು.

ನಿನ್ನೆ ಅಮ್ಮ ಮೊದಲ ಹಲಗೆಯ ದಾರ ಎಳೆದು, ಗಂಟು ಸಡಿಲ ಇದೆ ಎಂದಳು. ಕೈಯಲ್ಲೇ ತಡವಿ ಬಿಚ್ಚಿ, ಬೇರೆ ಗಂಟು ಹಾಕಿದಳು. ಇವತ್ತು ನಲವತ್ತು ಸಲ ಎಳೆದೆ, ಬಿಚ್ಚಿಲ್ಲ. ಶನಿವಾರ ಕುಶಾಲನಗರಕ್ಕೆ ಹೋಗಿ ಗಟ್ಟಿ ಸ್ಪ್ರಿಂಗ್ ತರಬೇಕು.