ಪೊಲೀಸರ ಬಗ್ಗೆ ಕೇಳೋಕೆ ಊರಲ್ಲೊಂದು ಜಾಗ ಬೇಕು

ಲಂಡನ್ ಅಸೆಂಬ್ಲಿಯ ಸಭೆಗಳ ವಿಡಿಯೋ ನೋಡುವ ಚಟ ಈಚೆಗೆ ಹತ್ತಿಬಿಟ್ಟಿದೆ. ಶಿರಸಿಯಲ್ಲಿ ಕೂತು ಲಂಡನ್ ಉಸಾಬರಿ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ಕಾರಣ ಇದೆ. ಅಲ್ಲಿ ಜನ ಆರಿಸಿ ಕಳಿಸಿದ 25 ಸದಸ್ಯರು ವರ್ಷಕ್ಕೆ 10 ಸಲ ಮೇಯರ್ ಅವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ಮತ್ತು ಆ ಪ್ರಶ್ನೆಗಳಲ್ಲಿ ಪೊಲೀಸರ ವಿಷಯ ಬಂದೇ ಬರುತ್ತದೆ. ಚಾಕು ಇರಿತ ಯಾಕೆ ನಿಂತಿಲ್ಲ, ನಮ್ಮ ಕಡೆ ಗಸ್ತಿಗೆ ಜನ ಯಾಕಿಲ್ಲ, ಹೀಗೆ. ಮೇಯರ್ ಕೆಲವೊಮ್ಮೆ ಜಾರಿಕೊಳ್ಳುತ್ತಾರೆ, ಕೆಲವೊಮ್ಮೆ ರೇಗುತ್ತಾರೆ. ಆದರೆ ಇದು ನನಗೆ ಸಂಬಂಧವಿಲ್ಲ ಅನ್ನುವಂತಿಲ್ಲ. 2012ರಿಂದ ಲಂಡನ್ ಪೊಲೀಸರ ಬಜೆಟ್ಟೂ, ಯಾವ ಕೆಲಸ ಮೊದಲು ಅನ್ನುವ ತೀರ್ಮಾನವೂ ಅವರ ಜವಾಬ್ದಾರಿ.

ಈಗ ನಮ್ಮ ಕಡೆ ಬನ್ನಿ. ಶಿರಸಿ ಇರಲಿ, ಕಾರವಾರ ಇರಲಿ, ನಗರಸಭೆಯ ಸಾಮಾನ್ಯ ಸಭೆಯಲ್ಲಿ ಸದ್ದಿಗೇನೂ ಬರ ಇಲ್ಲ. ನೀರು, ಒಳಚರಂಡಿ, ಕಸದ ಗಾಡಿ, ಖಾತೆ ಬದಲಾವಣೆ. ಪೌರಾಯುಕ್ತರು ಉತ್ತರ ಕೊಡುತ್ತಾರೆ, ಇಲ್ಲವೇ ಪರಿಶೀಲಿಸುತ್ತೇವೆ ಅನ್ನುತ್ತಾರೆ. ಅದೇ ಸದಸ್ಯರು ಎದ್ದು ನಿಂತು, ನಮ್ಮ ವಾರ್ಡಿಗೆ ರಾತ್ರಿ ಬೀಟ್ ಬರುತ್ತಾ, ಓಸಿ (ಮಟ್ಕಾ ಜೂಜು) ಚೀಟಿ ಬರೆಯುವವರ ಮೇಲೆ ಏನು ಕ್ರಮ ಆಯಿತು ಅಂತ ಕೇಳಿದರೆ? ವ್ಯಾಪ್ತಿಗೆ ಬರುವುದಿಲ್ಲ ಅನ್ನಬಹುದು. ಕಾನೂನಿನ ಪ್ರಕಾರ ಅದು ಸರಿಯೇ. 1992ರ 74ನೇ ತಿದ್ದುಪಡಿ ಊರಿನ ಆಡಳಿತಕ್ಕೆ ಅಂತ 18 ವಿಷಯ ಪಟ್ಟಿ ಮಾಡಿತು. ರಸ್ತೆ, ನೀರು, ಬೀದಿ ದೀಪ, ಸ್ಮಶಾನ, ಕಸಾಯಿಖಾನೆ ಎಲ್ಲ ಇದೆ. ಪೊಲೀಸ್ ಇಲ್ಲ. ಅದು ರಾಜ್ಯದ ವಿಷಯ. ಠಾಣೆ ಡಿವೈಎಸ್‌ಪಿಗೆ, ಡಿವೈಎಸ್‌ಪಿ ಕಾರವಾರದ ಎಸ್‌ಪಿಗೆ, ಎಸ್‌ಪಿ ಮಂಗಳೂರಿನ ಐಜಿಪಿಗೆ, ಅಲ್ಲಿಂದ ಬೆಂಗಳೂರಿಗೆ. ಈ ಏಣಿಯ ಯಾವ ಮೆಟ್ಟಿಲಲ್ಲೂ ವಾರ್ಡ್ ಸದಸ್ಯನಿಗೆ ಜಾಗ ಇಲ್ಲ.

ಹಾಗಂತ ನಮ್ಮ ಸದಸ್ಯರು ಪೊಲೀಸರ ವಿಷಯಕ್ಕೆ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. ಫೋನ್ ಇದೆಯಲ್ಲ! "ಸರ್, ಅವ ನಮ್ಮ ಹುಡುಗ, ಸ್ವಲ್ಪ ನೋಡಿ ಮಾಡಿ." ಗಾಡಿ ಹಿಡಿದರೆ ಫೋನ್, ಜಗಳದಲ್ಲಿ ಕೇಸಾದರೆ ಫೋನ್, ಎದುರು ಪಾರ್ಟಿಯವರ ಮೇಲೆ ಕೇಸಾಗದಿದ್ದರೂ ಫೋನ್. ಸದಸ್ಯರ ಮಾತು ನಡೆಯದಿದ್ದರೆ ಮೇಲಿನವರದ್ದು. ನನಗೆ ಸಿಟ್ಟು ಬರುವುದು ಇಲ್ಲೇ. ಲಂಡನ್ನಿನಲ್ಲಿ ಮೇಯರ್ ಇಂಥವನನ್ನು ಹಿಡಿ, ಇಂಥವನನ್ನು ಬಿಡು ಅಂತ ಪೊಲೀಸರಿಗೆ ಹೇಳುವ ಹಾಗಿಲ್ಲ, ಆದರೆ ಪೊಲೀಸರ ಬಗ್ಗೆ ಎಲ್ಲರೆದುರು ಉತ್ತರ ಕೊಡಲೇಬೇಕು. ನಮ್ಮಲ್ಲಿ ಹಿಡಿ ಬಿಡು ಗುಟ್ಟಾಗಿ ನಡೆಯುತ್ತದೆ, ಬಹಿರಂಗವಾಗಿ ಕೇಳುವುದಕ್ಕೆ ಮಾತ್ರ ವ್ಯಾಪ್ತಿ ಅಡ್ಡ ಬರುತ್ತದೆ. ಸಭೆಯಲ್ಲಿ ಕೇಳಿದ್ದು ನಡಾವಳಿಗೆ ಹೋಗುತ್ತದೆ. ಫೋನಿನಲ್ಲಿ ಹೇಳಿದ್ದು ಎಲ್ಲಿಗೂ ಹೋಗುವುದಿಲ್ಲ.

ವರ್ಗಾವಣೆಯದ್ದೂ ಇದೇ ಕಥೆ. 2022ರ ಫೆಬ್ರುವರಿಯಲ್ಲಿ ಲಂಡನ್ ಪೊಲೀಸ್ ಕಮಿಷನರ್ ಕ್ರೆಸಿಡಾ ಡಿಕ್ ಮೇಲೆ ತನಗೆ ನಂಬಿಕೆ ಉಳಿದಿಲ್ಲ ಅಂತ ಮೇಯರ್ ಸಾದಿಕ್ ಖಾನ್ ಸ್ಪಷ್ಟ ಮಾಡಿದರು, ಆಕೆ ರಾಜೀನಾಮೆ ಕೊಟ್ಟರು. ಅಲ್ಲಿಗೆ ಮುಗಿಯಲಿಲ್ಲ. ಹೀಗೆ ಕಳಿಸಿದ್ದು ಸರಿಯಾದ ಕ್ರಮದಲ್ಲಿ ಆಗಿಲ್ಲ ಅಂತ ಪೊಲೀಸ್ ಪಡೆಗಳ ಮಾಜಿ ಮುಖ್ಯ ತಪಾಸಣಾಧಿಕಾರಿ ಟಾಮ್ ವಿನ್ಸರ್ ಅವರ ವರದಿ ಬಂತು, ಅದನ್ನು ಹಿಡಿದುಕೊಂಡು ಅಸೆಂಬ್ಲಿ ಸದಸ್ಯರು ಮೇಯರ್ ಅವರನ್ನೇ ತರಾಟೆಗೆ ತೆಗೆದುಕೊಂಡರು. ಮೇಯರ್ ಆ ವರದಿಯನ್ನೇ ಒಪ್ಪಲಿಲ್ಲ. ಯಾರು ಸರಿ ಅನ್ನುವುದು ಬೇರೆ ಮಾತು. ಅಧಿಕಾರಿಯೊಬ್ಬರನ್ನು ಯಾಕೆ ಕಳಿಸಿದಿರಿ ಅಂತ ಎಲ್ಲರೆದುರು ಕೇಳಲು ಆಯಿತು, ಅದೇ ದೊಡ್ಡದು. ನಮ್ಮಲ್ಲಿ ಶಾಸಕರ ಮಿನಿಟ್, ಅಂದರೆ ಶಿಫಾರಸು ಪತ್ರ, ಇಲ್ಲದೆ ಠಾಣೆಗೆ ಪಿಎಸ್ಐ ಬರುವುದಿಲ್ಲ ಅಂತ ಚಾ ಅಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಾರೆ. ಠಾಣೆಯ ಮುಖ್ಯಸ್ಥರಿಗೂ ಎಸ್‌ಪಿಗೂ ಕನಿಷ್ಠ ಎರಡು ವರ್ಷ ಒಂದೇ ಜಾಗ ಇರಬೇಕು ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಬಂದವರು ಅವಧಿಗೆ ಮೊದಲೇ ಯಾಕೆ ಹೋದರು ಅಂತ ಊರಿನ ಯಾವ ಸಭೆಯಲ್ಲಿ ಕೇಳುವುದು?

2017ರ ಡಿಸೆಂಬರ್ ನೆನಪಿದೆಯಾ? ಹೊನ್ನಾವರದಲ್ಲಿ ಒಬ್ಬ ಹುಡುಗ ಸತ್ತ, ಅದು ಕೊಲೆ ಅಂತ ಗುಲ್ಲೆದ್ದಿತು, ಕುಮಟಾದಲ್ಲಿ ಐಜಿಪಿ ಕಾರಿಗೇ ಬೆಂಕಿ ಬಿತ್ತು, ಮರುದಿನ ಶಿರಸಿಯಲ್ಲಿ ಕಲ್ಲು ತೂರಾಟ, ಲಾಠಿ, ನಿಷೇಧಾಜ್ಞೆ. ವಿಧಾನಸಭೆ ಚುನಾವಣೆಗೆ ಐದೇ ತಿಂಗಳು ಇತ್ತು, ಹಾಗಾಗಿ ಮೈಕು ಸಿಕ್ಕಿದವರೆಲ್ಲ ತಮ್ಮ ತಮ್ಮ ತೀರ್ಪು ಕೊಟ್ಟರು. ನೀರಿಗೆ ಬಿದ್ದು ಆದ ಆಕಸ್ಮಿಕ ಸಾವು ಅಂತ ಸಿಬಿಐ ವರದಿ ಕೊಟ್ಟಾಗ 2022 ಆಗಿತ್ತು. ಅಷ್ಟರಲ್ಲಿ ಎಷ್ಟೋ ಹುಡುಗರು ಕೋರ್ಟು ಸುತ್ತಿದ್ದಾಯಿತು. ಪೊಲೀಸರು ಏನು ತಯಾರಿ ಮಾಡಿಕೊಂಡಿದ್ದರು, ಮೆರವಣಿಗೆಗೆ ಒಪ್ಪಿಗೆ ಕೊಟ್ಟವರು ಯಾರು, ಜನರನ್ನು ಕೆರಳಿಸಿದ ಮುಖಂಡರು ಯಾರು ಅಂತ ಈ ಊರಿನ ಚುನಾಯಿತರು ಒಂದು ಕಡೆ ಕೂತು ಕೇಳಬೇಕಿತ್ತು. ಅದಕ್ಕೊಂದು ಜಾಗವೇ ಇರಲಿಲ್ಲ.

ಇರುವುದು ಶಾಂತಿ ಸಭೆ. ಗಣೇಶ ಚೌತಿಗೋ ಈದ್‌ಗೋ ಮೊದಲು ಠಾಣೆಯಲ್ಲಿ ಕುರ್ಚಿ ಹಾಕಿ, ಚಾ ಕೊಟ್ಟು, ಡಿಜೆ ಹಾಕಬೇಡಿ ಅಂತ ಹೇಳಿ ಕಳಿಸುವ ಸಭೆ. ಅಲ್ಲಿ ಪೊಲೀಸರು ನಮ್ಮನ್ನು ಕೇಳುತ್ತಾರೆ, ನಾವು ಅವರನ್ನಲ್ಲ. ಇನ್ನೊಂದು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ. ಅದರಲ್ಲಿ ನಗರಸಭೆಯವರೂ ಪೊಲೀಸರೂ ಒಂದೇ ಮೇಜಿಗೆ ಕೂರಬೇಕು, ಕಡಿಮೆ ಅಂದರೂ ಶೇ. 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು. ಅಂದರೆ ಒಟ್ಟಿಗೆ ಕೂತರೆ ಆಕಾಶ ಬೀಳುವುದಿಲ್ಲ ಅಂತ ಕಾನೂನೇ ಒಪ್ಪಿಕೊಂಡಿದೆ, ಅಲ್ವಾ?

ಕೇಳಬೇಕಾದವರೇ ಇಲ್ಲದ ಕಾಲವೂ ಇತ್ತು. 2018ರ ಆಗಸ್ಟ್‌ನಲ್ಲಿ ನಗರಸಭೆ ಚುನಾವಣೆ ಆಯಿತು, ಮೀಸಲಾತಿ ಪಟ್ಟಿಯ ಕೋರ್ಟ್ ಜಗಳ ಮುಗಿದು ಅಧ್ಯಕ್ಷರು ಕುರ್ಚಿಗೆ ಬಂದಾಗ 2020 ಮುಗಿಯುತ್ತಾ ಬಂದಿತ್ತು. ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಯಾವ ಪಕ್ಷ ಬಂದರೂ ಈ ವಿಷಯದಲ್ಲಿ ಒಗ್ಗಟ್ಟು ಚೆನ್ನಾಗಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಪೊಲೀಸರನ್ನು ನಗರಸಭೆ ಕೈಗೆ ಕೊಡಿ ಅನ್ನುತ್ತಿಲ್ಲ, ದೇವರೇ, ಅದು ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಡಿವೈಎಸ್‌ಪಿಯವರು ಸಾಮಾನ್ಯ ಸಭೆಗೆ ಬರಲಿ ಅಂತ ನಗರಸಭೆ ಒಂದು ಠರಾವು ಮಾಡಿ ಎಸ್‌ಪಿಗೆ ಕಳಿಸಲಿ. ಬರಲೇಬೇಕು ಅಂತ ಕಟ್ಟಿಹಾಕಲು ಆಗುವುದಿಲ್ಲ, ಕರೆಯುವುದಕ್ಕೆ ಯಾರ ಅಡ್ಡಿ? ತನಿಖೆಯಲ್ಲಿರುವ ಕೇಸು, ಯಾರದ್ದೇ ಹೆಸರು ಎತ್ತುವಂತಿಲ್ಲ ಅಂತ ಮೊದಲೇ ಬರೆದುಕೊಳ್ಳಲಿ. ಸದಸ್ಯರು ಅಲ್ಲೂ ತಮ್ಮ ಹಳೇ ಸೇಡು ತೀರಿಸಿಕೊಳ್ಳುತ್ತಾರೆ ಅಂತ ಒಬ್ಬ ಗೆಳೆಯ ಹೇಳಿದ. ತೀರಿಸಿಕೊಳ್ಳಲಿ ಬಿಡಿ, ನಾಲ್ಕು ಜನ ಪತ್ರಕರ್ತರ ಎದುರಾದರೂ ಆಗುತ್ತದಲ್ಲ.

ಪ್ರಶ್ನೆ ಕೇಳಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಅಷ್ಟೆಲ್ಲ ಪ್ರಶ್ನೆ ಕೇಳುವ ಲಂಡನ್ನಿನ ಪೊಲೀಸ್ ಇಲಾಖೆಯೊಳಗೆ ಜನಾಂಗ ಭೇದವೂ ಹೆಣ್ಣುಮಕ್ಕಳ ಮೇಲಿನ ತಾತ್ಸಾರವೂ ಬೇರುಬಿಟ್ಟಿದೆ ಅಂತ 2023ರ ಮಾರ್ಚ್‌ನಲ್ಲಿ ಲೂಯಿಸ್ ಕೇಸಿ ಅವರ ವರದಿ ಹೇಳಿತು. ಆದರೆ ಆ ವರದಿ ಬಂದ ಮೇಲೆ ಯಾರನ್ನು ಕೂರಿಸಿ ಕೇಳಬೇಕು ಅಂತ ಅಲ್ಲಿಯವರು ಹುಡುಕಬೇಕಾಗಲಿಲ್ಲ.

ಶುರು ಮಾಡುವುದಾದರೆ ಮಾರಿಕಾಂಬೆ ಜಾತ್ರೆಯಿಂದಲೇ ಮಾಡಬಹುದು. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಿಡಕಿ ಬೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನಗರಸಭೆಯೂ ಪೊಲೀಸರೂ ಹೇಗಿದ್ದರೂ ಒಟ್ಟಿಗೆ ಓಡಾಡುತ್ತಾರೆ. ಜಾತ್ರೆ ಮುಗಿದ ತಿಂಗಳಲ್ಲೇ ಸಭೆ ಕರೆಯಲಿ. ಪಾರ್ಕಿಂಗ್ ಎಲ್ಲಿ ಕೆಟ್ಟಿತು, ಎಷ್ಟು ಕಳ್ಳತನ ದೂರು ಬಂತು, ಎಷ್ಟರಲ್ಲಿ ಎಫ್ಐಆರ್ ಆಯಿತು, ಯಾವ ಓಣಿಯ ದೀಪ ಉರಿಯಲಿಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ಪೊಲೀಸರಲ್ಲ, ನಗರಸಭೆಯವರೇ.