ಇನ್ಕಮ್ ಟ್ಯಾಕ್ಸ್ ತೆಗೆದು ಬರೀ ಜಿಎಸ್‌ಟಿ ಇಟ್ಟರೆ ಆಗಲ್ವಾ ಸಾರ್?

ಜುಲೈ ಬಂತೆಂದರೆ ಶಿವಮೊಗ್ಗದ ನನ್ನ ಪುಟ್ಟ ಆಫೀಸಿಗೆ ಫಾರ್ಮ್ 16 (ಸಂಬಳ, ಅದರಲ್ಲಿ ಕಡಿತವಾದ ತೆರಿಗೆಯ ಪತ್ರ) ಹಿಡಿದವರು ಬರತೊಡಗುತ್ತಾರೆ. ನಾನು ರಿಟರ್ನ್ ತುಂಬುತ್ತಿರುವಾಗ ಎದುರಿಗೆ ಕೂತ ಒಬ್ಬರಾದರೂ ಕೇಳುತ್ತಾರೆ: "ಸಾರ್, ಈ ಇನ್ಕಮ್ ಟ್ಯಾಕ್ಸೇ ತೆಗೆದುಹಾಕಿ, ಎಲ್ಲಾನೂ ಜಿಎಸ್‌ಟಿಯಲ್ಲೇ ವಸೂಲಿ ಮಾಡಿದ್ರೆ ಆಗಲ್ವಾ? ಖರ್ಚು ಮಾಡಿದವನು ಕಟ್ಟಲಿ." ಅಮೆರಿಕದಲ್ಲಿ ತಮ್ಮನೋ ಭಾವಮೈದನೋ ಇದ್ದವರು "ಟೆಕ್ಸಾಸ್‌ನಲ್ಲಿ ಇನ್ಕಮ್ ಟ್ಯಾಕ್ಸೇ ಇಲ್ವಂತೆ" ಎಂದೂ ಸೇರಿಸುತ್ತಾರೆ.

ಟೆಕ್ಸಾಸ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಇಲ್ಲದಿರುವುದು ರಾಜ್ಯದ ಆದಾಯ ತೆರಿಗೆ ಮಾತ್ರ. ಕೇಂದ್ರದ್ದು ಎಲ್ಲರಿಗೂ ಇದ್ದೇ ಇದೆ. ಅದರ ಮೇಲೆ ಅಂಗಡಿಯಲ್ಲಿ ಶೇ. 8.25ರವರೆಗೆ ಮಾರಾಟ ತೆರಿಗೆ, ಮನೆಯ ಮೇಲೆ ಭಾರೀ ಆಸ್ತಿ ತೆರಿಗೆ. ಮನೆ ಕೊಂಡ ಭಾವಮೈದನನ್ನು ಒಮ್ಮೆ ಆ ಬಗ್ಗೆ ಕೇಳಿ ನೋಡಿ.

ಇಡೀ ದೇಶಕ್ಕೇ ಆದಾಯ ತೆರಿಗೆ ತೆಗೆದು ಬರೀ ಮಾರಾಟ ತೆರಿಗೆ ಇಡಬೇಕೆಂಬ ಮಸೂದೆಯೂ ಅಮೆರಿಕದಲ್ಲಿ ಇದೆ, ಹೆಸರು ಫೇರ್‌ಟ್ಯಾಕ್ಸ್. ಜಾರ್ಜಿಯಾದ ಸಂಸದ ಜಾನ್ ಲಿಂಡರ್ 1999ರಲ್ಲಿ ಮೊದಲು ತಂದದ್ದು. ಆಮೇಲೆ ಎಷ್ಟು ಸಲ ಮಂಡನೆಯಾದರೂ ಸದನದಲ್ಲಿ ಮತಕ್ಕೆ ಬಂದಿಲ್ಲ. ದರ ಶೇ. 23 ಎನ್ನುತ್ತಾರೆ. ಆದರೆ 100 ಡಾಲರ್ ವಸ್ತುವಿಗೆ ಗಿರಾಕಿ ಕೊಡಬೇಕಾದ್ದು 130. ಆ 130ರಲ್ಲಿ 30 ಎಂದರೆ ಶೇ. 23, ಹಾಗಾಗಿ ಸುಳ್ಳೇನಲ್ಲ. ನಮ್ಮ ಜಿಎಸ್‌ಟಿ ಲೆಕ್ಕದಲ್ಲಿ, ಅಂದರೆ ಮೂಲ ಬೆಲೆ 100ರ ಮೇಲೆ ಹೇಳಿದರೆ ಮಾತ್ರ ಅದು ಶೇ. 30. ನನ್ನ ಗಿರಾಕಿಗಳು ಇಂಥ ಲೆಕ್ಕ ತೋರಿಸಿದರೆ ನಾನು ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತೇನೆ!

ಈಗ ನಮ್ಮ ಲೆಕ್ಕ. 2024-25ರಲ್ಲಿ ಜಿಎಸ್‌ಟಿ ಸಂಗ್ರಹ ಸುಮಾರು 22 ಲಕ್ಷ ಕೋಟಿ ರೂಪಾಯಿ. ಮರುಪಾವತಿ ಕಳೆದ ಮೇಲೆ ನೇರ ತೆರಿಗೆಯೂ (ಮುಖ್ಯವಾಗಿ ಜನರ ಮತ್ತು ಕಂಪನಿಗಳ ಆದಾಯ ತೆರಿಗೆ) ಹೆಚ್ಚುಕಡಿಮೆ ಅಷ್ಟೇ. ಒಂದನ್ನು ಅಳಿಸಿದರೆ ಇನ್ನೊಂದು ದುಪ್ಪಟ್ಟಾಗಬೇಕು, ಶೇ. 18 ಇದ್ದ ಜಿಎಸ್‌ಟಿ ದರ 36. ಕಂಪನಿಗಳ ತೆರಿಗೆ ಇರಲಿ, ಜನರದ್ದು ಮಾತ್ರ ತೆಗೆಯಿರಿ ಎಂದರೂ 18 ಹೋಗಿ 28ರ ಹತ್ತಿರ ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್ ಶೇ. 5ಕ್ಕೆ ಇಳಿದಾಗ ಎಲ್ಲರೂ ಖುಷಿಪಟ್ಟೆವಲ್ಲ, ಇದು ಅದಕ್ಕೆ ನೇರ ಉಲ್ಟಾ ದಾರಿ.

ಕೇಳುವವರು ಯಾರು ಎಂಬುದೂ ಮುಖ್ಯ. 20 ಲಕ್ಷ ಸಂಬಳದವರು 2025-26ಕ್ಕೆ ಹೊಸ ಪದ್ಧತಿಯಲ್ಲಿ ಕಟ್ಟುವುದು ಸೆಸ್ ಸೇರಿ 1,92,400 ರೂಪಾಯಿ. ಅದು ಉಳಿಯುತ್ತದೆ, ಅವರಿಗೆ ಖುಷಿ. ಆದರೆ ಸಂಬಳದಲ್ಲಿ ಒಂದು ಪಾಲು ಸೈಟಿಗೆ, ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹೋಗುತ್ತದೆ, ಅದಕ್ಕೆಲ್ಲ ಮಾರಾಟ ತೆರಿಗೆ ಇಲ್ಲ. ಅವರ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ತಿಂಗಳಿಗೆ 15,000 ದುಡಿದರೆ ಅಷ್ಟೂ ಖರ್ಚು. ಆಕೆ ಇನ್ಕಮ್ ಟ್ಯಾಕ್ಸ್ ಮುಖ ಕಂಡವಳಲ್ಲ, ಮೊಬೈಲ್ ರೀಚಾರ್ಜಿಗೆ ಮಾತ್ರ ಈಗಲೇ ಶೇ. 18 ಕೊಡುತ್ತಾಳೆ. ಇವರ ತಲೆಯಿಂದ ಇಳಿದ ಹೊರೆಯಲ್ಲಿ ಒಂದಿಷ್ಟು ಅವಳ ತಲೆಗೇ.

ಫೇರ್‌ಟ್ಯಾಕ್ಸ್‌ನವರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: ಬಡತನದ ಗೆರೆಯವರೆಗಿನ ಖರ್ಚಿನ ತೆರಿಗೆಯನ್ನು ಪ್ರತಿ ಕುಟುಂಬಕ್ಕೂ ಪ್ರತಿ ತಿಂಗಳ ಆರಂಭದಲ್ಲೇ ದುಡ್ಡಾಗಿ ಕೊಡುವುದು. ನಮ್ಮ ಗೃಹಲಕ್ಷ್ಮಿಯ 2,000 ರೂಪಾಯಿಯ ಹಾಗೆ ಎನ್ನಿ, ಆದರೆ ಶ್ರೀಮಂತರಿಗೂ. (ನಮ್ಮಲ್ಲಿ ಇನ್ಕಮ್ ಟ್ಯಾಕ್ಸ್ ಕಟ್ಟುವ ಮನೆಗೆ ಗೃಹಲಕ್ಷ್ಮಿ ಇಲ್ಲ. ಆ ತೆರಿಗೆಯೇ ಹೋದರೆ ಯಾರನ್ನು ಹೊರಗಿಡಬೇಕೆಂದು ಹೇಗೆ ಗೊತ್ತಾಗಬೇಕು?)

ನನಗೆ ನಿಜವಾಗಿ ಭಯ ಹುಟ್ಟಿಸುವುದು ವಸೂಲಿ. ಟೈಲ್ಸ್ ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ, "ಬಿಲ್ ಹಾಕ್ಲಾ, ಹಾಗೇ ಕೊಡ್ಲಾ?" ಜಿಎಸ್‌ಟಿಯಲ್ಲಿ ತಯಾರಕ 100 ರೂಪಾಯಿಗೆ ಮಾರುವಾಗಲೇ 18 ಸರ್ಕಾರಕ್ಕೆ ಹೋಗಿರುತ್ತದೆ. ಅಂಗಡಿಯವನು 120ಕ್ಕೆ ಮಾರಿದರೆ ತೆರಿಗೆ 21.60, ಅದರಲ್ಲಿ ಮೊದಲೇ ಹೋದ 18 ಕಳೆದು ಅವನು ಹೊಸದಾಗಿ ಕಟ್ಟಬೇಕಾದ್ದು 3.60. ಬಿಲ್ ಹಾಕದಿದ್ದರೆ ಖೋತಾ ಆಗುವುದು ಆ 3.60. ಫೇರ್‌ಟ್ಯಾಕ್ಸ್ ಮಾದರಿಯಲ್ಲಿ ನಡುವೆ ಏನೂ ವಸೂಲಿ ಇಲ್ಲ, ಕೊನೆಯ ಅಂಗಡಿಯಲ್ಲೇ ಅಷ್ಟೂ. ಅವನೊಬ್ಬ ಕೈಕೊಟ್ಟರೆ 21.60 ಪೂರ್ತಿ ಹೋಯಿತು. ವ್ಯಾಪಾರಕ್ಕೆಂದು ಕೊಂಡರೆ ತೆರಿಗೆ ಇಲ್ಲವಾದ್ದರಿಂದ ಮಗಳ ಲ್ಯಾಪ್‌ಟಾಪ್ ಕೂಡ ಫರ್ಮ್ ಹೆಸರಲ್ಲೇ ಬರುತ್ತದೆ. ಶೇ. 18ಕ್ಕೇ ಬಿಲ್ ಬೇಡ ಎನ್ನುವ ನಾವು 36ಕ್ಕೆ ಬೇಕು ಎನ್ನುತ್ತೇವೆಯೇ?

ಆಗ ಇಲಾಖೆಗೆ ಉಳಿಯುವ ದಾರಿ ಅಂಗಡಿ ಅಂಗಡಿಗೆ ಇಳಿಯುವುದು. ಅದರ ಸಣ್ಣ ಮಾದರಿ 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಕಂಡಿತು. ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಯದ್ದು, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದಿದ್ದರೂ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಎಂಬ ಬೋರ್ಡು ಬಂತು. ಕೊನೆಗೆ ಹಳೆ ಬಾಕಿ ಕೇಳುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು.

ಕೇಳುವವರ ಸಿಟ್ಟಿನಲ್ಲಿ ಮಾತ್ರ ತಪ್ಪಿಲ್ಲ. ಸಂಬಳದವರ ತೆರಿಗೆ ಕೈಗೆ ಬರುವ ಮುಂಚೆಯೇ ಟಿಡಿಎಸ್ ಆಗಿ ಹೋಗುತ್ತದೆ, ನೂರಾರು ಎಕರೆ ಕಾಫಿ ತೋಟದವರೋ ವರಮಾನದ ದೊಡ್ಡ ಪಾಲನ್ನು ಕೃಷಿ ಆದಾಯ ಎಂದು ತೋರಿಸಿ ಹೊರಗುಳಿಯಬಹುದು. ಅದನ್ನು ಸರಿಪಡಿಸಿ ಎನ್ನಿ, ನಾನೂ ಜೊತೆಗೆ ಕೂಗುತ್ತೇನೆ.

"ನಿಮ್ಮ ಕಸುಬು ಹೋಗುತ್ತೆ ಅಂತ ಹೀಗೆ ಹೇಳ್ತೀರಿ" ಎಂದು ಕಿಚಾಯಿಸುವವರೂ ಇದ್ದಾರೆ. ಇಲ್ಲ ಮಾರಾಯ್ರೆ. ಇನ್ಕಮ್ ಟ್ಯಾಕ್ಸ್ ರಿಟರ್ನ್ ವರ್ಷಕ್ಕೊಂದು. ಜಿಎಸ್‌ಟಿಯಾದರೆ 11ನೇ ತಾರೀಕು ಆರ್-1 ರಿಟರ್ನ್, 20ಕ್ಕೆ 3ಬಿ ರಿಟರ್ನ್, ತಿಂಗಳು ತಿಂಗಳು. ನನ್ನ ಫೀಸು ಹೆಚ್ಚಾಗುತ್ತದೆ.